ಕಸದ ಗುಂಡಿ ಬೇಡ ಅನ್ನೋ ಮೊದಲು ಬಾವಿಗೆ ಟೇಪು ಇಳಿಸಿ

ಒಂದು ತೆರೆದ ಬಾವಿ ಅಂದುಕೊಳ್ಳಿ. ಕಟ್ಟೆ ಮೇಲೆ ಕೆಂಪು ಪೇಂಟಿನ ಗುರುತು ಇದೆ, ನೀರಿನ ಆಳ ಪ್ರತಿ ಸಲ ಅಳೆಯೋದು ಅಲ್ಲಿಂದ. ಊರ ಪಕ್ಕ ಲ್ಯಾಂಡ್‌ಫಿಲ್, ಅಂದ್ರೆ ಕಸ ಹೂಳೋ ಗುಂಡಿ, ಬರುತ್ತೆ ಅಂತ ಸುದ್ದಿ ಬಂದ ದಿನ ಮೊದಲು ಹಾಕಬೇಕಾದ್ದು ಈ ಗುರುತು. ಬ್ಯಾನರ್, ಧರಣಿ ಎಲ್ಲ ಆಮೇಲೆ.

ಅಹವಾಲು ಸಭೆಗಳಲ್ಲಿ ಜನ ಸಾಮಾನ್ಯವಾಗಿ ವಾಸನೆ, ನೊಣ, ಲಾರಿ ಧೂಳು ಅಂತ ಶುರು ಮಾಡ್ತಾರೆ. ಸುಳ್ಳೇನಲ್ಲ. ಆದ್ರೆ ಇವಕ್ಕೆಲ್ಲ ಯೋಜನೆಯವರ ಹತ್ರ ಸಿದ್ಧ ಉತ್ತರ ಇರುತ್ತೆ: ದಿನಾ ಸಂಜೆ 15 ಸೆಂಟಿಮೀಟರ್ ಮಣ್ಣು ಮುಚ್ತೀವಿ, ಸುತ್ತ ಗಿಡ ನೆಡ್ತೀವಿ, ರಸ್ತೆಗೆ ನೀರು ಹೊಡೀತೀವಿ. ಮಾತು ಅಲ್ಲಿಗೇ ಮುಗೀತು. ಅಂತರ್ಜಲದ ಪ್ರಶ್ನೆಗೆ ಹಾಗೆ ಬಾಯಿಮಾತಲ್ಲಿ ಹೇಳಿ ಕೂರೋಕಾಗಲ್ಲ, ಅಂಕಿ ತೋರಿಸಬೇಕು. ತೋರಿಸಿದ ಅಂಕಿ ಸರಿಯಾ ಅಂತ ಕೇಳೋಕೆ ಊರಿನ ಹತ್ರಾನೂ ಅಂಕಿ ಇರಬೇಕು.

ಅಳೆಯೋದು ಹೀಗೆ. ಸ್ಟೀಲ್ ಟೇಪಿನ ತುದಿಯ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಸಿ. ಎಂಟು ಮೀಟರಿನ ಗೆರೆ ಕೆಂಪು ಗುರುತಿಗೆ ಸರಿಯಾಗಿ ಬಂದಾಗ ನಿಲ್ಲಿಸಿ, ಮೇಲೆತ್ತಿ. ಒದ್ದೆಯಾದಷ್ಟು ಸುಣ್ಣ ಕಪ್ಪಗಾಗಿರುತ್ತೆ. 35 ಸೆಂಟಿಮೀಟರ್ ಒದ್ದೆ ಅಂದ್ರೆ ನೀರು 7.65 ಮೀಟರ್ ಆಳದಲ್ಲಿದೆ. ಹಿಂದಿನ ರಾತ್ರಿಯಿಂದ ಪಂಪು ನಿಂತಿರಬೇಕು, ಇಲ್ಲಾಂದ್ರೆ ಕುಸಿದ ಮಟ್ಟವನ್ನೇ ಅಳೆದು ಮೋಸ ಹೋಗ್ತೀರಿ. ತಿಂಗಳಿಗೊಂದು ಸಲ, ಒಂದು ವರ್ಷ. ಲೆಕ್ಕಕ್ಕೆ ಬರೋದು ಮಳೆಗಾಲ ಮುಗಿಯೋ ಹೊತ್ತಿನ ಮಟ್ಟ, ಯಾಕಂದ್ರೆ ಗುಂಡಿಯ ತಳಕ್ಕೆ ನೀರು ಅತಿ ಹತ್ತಿರ ಬರೋದು ಆಗಲೇ. ಯೋಜನೆಯವರು ಕೊಡೋ ವರದಿಯಲ್ಲಿ ಮೊದಲು ನೋಡಬೇಕಾದ್ದು ಬೋರ್ ಕೊರೆದ ತಾರೀಕು. ಬೇಸಿಗೆಯಲ್ಲಿ ಕೊರೆದು ‘ನೀರು ಸಿಗಲಿಲ್ಲ’ ಅಂತ ಬರೆದಿದ್ರೆ ಅದು ಅರ್ಧ ಸತ್ಯ.

ನೀರು ಯಾವ ಕಡೆ ಹರಿಯುತ್ತೆ ಅಂತ ತಿಳಿಯೋಕೆ ಕನಿಷ್ಠ ಮೂರು ಬಾವಿ ಬೇಕು, ಅವು ಒಂದೇ ಸಾಲಿನಲ್ಲಿರಬಾರದು. ಜೊತೆಗೆ ಮೂರರ ಕಟ್ಟೆಯ ಎತ್ತರವನ್ನೂ ಸರ್ವೆ ಮಾಡಿಸಿ. ಬರೀ ಆಳ ಹೋಲಿಸಿದ್ರೆ ದಿಕ್ಕು ತಪ್ಪುತ್ತೆ. ಬಂಡೆ ನೆಲದಲ್ಲಿ ನೀರು ಬಿರುಕು ಹಿಡಿದು ಹೋಗೋದ್ರಿಂದ ಈ ಲೆಕ್ಕವೂ ಪೂರ್ತಿ ನಂಬಿಕೆಗೆ ಅರ್ಹ ಅಲ್ಲ.

ಈಗ ಗುಂಡಿಯ ತಳಕ್ಕೆ ಬರೋಣ. ಅಮೆರಿಕದ 1991ರ ನಿಯಮದಲ್ಲಿ ತಳಕ್ಕೆ 60 ಸೆಂಟಿಮೀಟರ್ ಗಟ್ಟಿ ಮಾಡಿದ ಜೇಡಿಮಣ್ಣು, ಅದರ ಮೇಲೆ ಸುಮಾರು 1.5 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಹಾಳೆ ಬೇಕು. ಹಾಳೆ ಮೇಲೆ ಕಸದ ರಸ, ಅಂದ್ರೆ ಲೀಚೇಟ್, 30 ಸೆಂಟಿಮೀಟರಿಗಿಂತ ಹೆಚ್ಚು ನಿಲ್ಲಬಾರದು. ಕಾಗದದ ಮೇಲೆ ಚೆನ್ನಾಗಿದೆ. ಕೆಡೋದು ಬೆಸುಗೆಯಲ್ಲಿ. ಹಾಳೆಯ ರೋಲು ಏಳು ಮೀಟರ್ ಅಗಲ ಅಂದುಕೊಂಡ್ರೆ ಒಂದು ಹೆಕ್ಟೇರಿಗೆ ಸುಮಾರು 1.4 ಕಿಲೋಮೀಟರ್ ಜೋಡಣೆ! ಎರಡು ಸಾಲು ಬೆಸುಗೆ ಹಾಕಿ, ನಡುವಿನ ಸಂದಿಗೆ ಗಾಳಿ ತುಂಬಿ, ಒತ್ತಡ ಇಳಿಯುತ್ತಾ ಅಂತ ಕೆಲವು ನಿಮಿಷ ನೋಡೋದು ಪರೀಕ್ಷೆ. ಅದರ ದಾಖಲೆ ಯಾರು ಇಡ್ತಾರೆ, ಊರಿನವರಿಗೆ ತೋರಿಸ್ತಾರಾ, ಕೇಳಿ. ಬಿಸಿಲಿಗೆ ಹಾಳೆ ಹಿಗ್ಗಿ ಮಡಿಕೆ ಏಳುತ್ತೆ. ಮಡಿಕೆಯಲ್ಲಿ ತೂತಾದ್ರೆ ರಸ ಅದರಡಿಯ ಸಂದಿನುದ್ದಕ್ಕೂ ಹರಡುತ್ತೆ. ಹಾಳೆ ಹಾಸೋಕೆ ತಡವಾದ್ರೆ ಕೆಳಗಿನ ಜೇಡಿ ಒಣಗಿ ಬಿರುಕು ಬಿಡುತ್ತೆ, ಕೆರೆ ಬತ್ತಿದಾಗ ತಳ ಬಿರಿಯೋ ಹಾಗೆ.

ರಸ ಎಷ್ಟು ಬರುತ್ತೆ? ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಹತ್ತು ಸಾವಿರ ಲೀಟರ್. 50 ಮಿಲಿಮೀಟರ್ ಬಿದ್ದ ಒಂದೇ ದಿನಕ್ಕೆ ಐದು ಲಕ್ಷ. ಇದರಲ್ಲಿ ಒಂದಿಷ್ಟು ಆವಿಯಾಗುತ್ತೆ, ಒಂದಿಷ್ಟು ಕಸ ಹೀರುತ್ತೆ, ನಿಜ. ಆದ್ರೂ ಸಂಗ್ರಹ ಕೊಳದ ಅಳತೆಯನ್ನ ದೊಡ್ಡ ಮಳೆಗೆ ಹಿಡಿದಿದ್ದಾರಾ, ಇಲ್ಲ ವರ್ಷದ ಸರಾಸರಿಗಾ? ಕೊಳ ತುಂಬಿ ಹಳ್ಳಕ್ಕೆ ಹರಿಯೋದು ಸರಾಸರಿ ದಿನ ಅಲ್ಲ.

ಮೊದಲ ಲಾರಿ ಬರೋಕೆ ಮುಂಚೆ ನೀರಿನ ಮಾದರಿ ತೆಗೆಸಿ. ಕ್ಲೋರೈಡ್, ಅಮೋನಿಯಾ, ಸಿಒಡಿ (ನೀರಲ್ಲಿರೋ ಕೊಳೆಯ ಅಳತೆ), ವಿದ್ಯುತ್ ವಾಹಕತೆ (ಕರಗಿದ ಲವಣದ ಅಂದಾಜು), ಇವಿಷ್ಟಾದ್ರೂ ಇರಲಿ. ಕ್ಲೋರೈಡ್ ಮಣ್ಣಿಗೆ ಅಂಟಿಕೊಳ್ಳಲ್ಲ, ಆದ್ದರಿಂದ ಸೋರಿಕೆಯ ಸುದ್ದಿ ಬೇಗ ತರೋದು ಅದೇ. ಪಂಪು ಹತ್ತು ನಿಮಿಷ ಓಡಿಸಿ, ಬಾಟಲಿಯನ್ನ ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ. ಲೋಹದ ಪರೀಕ್ಷೆಗೆ ಲ್ಯಾಬಿನವರು ಆಸಿಡ್ ಹಾಕಿ ಕೊಟ್ಟ ಬಾಟಲಿಯನ್ನ ಮಾತ್ರ ತೊಳೀಬೇಡಿ. ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ಈ ಹಳೇ ಫಲಿತಾಂಶ ಇಲ್ಲದಿದ್ರೆ ಮುಂದೆ ಬಾವಿ ಉಪ್ಪಾದಾಗ ‘ಮೊದಲಿಂದಲೂ ಹೀಗೇ ಇತ್ತು’ ಅಂತಾರೆ.

ಅಮೆರಿಕದ ನಾರ್ತ್ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ಪಿಸಿಬಿ ಅನ್ನೋ ವಿಷದ ರಾಸಾಯನಿಕ ಬೆರೆತ ಮಣ್ಣಿನ ಲಾರಿಗಳಿಗೆ ಅಡ್ಡ ಮಲಗಿ 500ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅಂತರ್ಜಲ ತೀರಾ ಮೇಲಿದೆ ಅನ್ನೋದು ಅಲ್ಲಿನವರ ಆಕ್ಷೇಪಗಳಲ್ಲೊಂದು. ಗುಂಡಿ ತುಂಬಿಸಿಯೇ ಬಿಟ್ರು. ಹತ್ತು ವರ್ಷದ ಮೇಲೆ ಅದರೊಳಗೆ ನೀರು ನಿಂತಿರೋದು ಗೊತ್ತಾಯ್ತು, ಮಣ್ಣು ಶುದ್ಧಿ ಮಾಡಿ ಮುಗಿಸೋ ಹೊತ್ತಿಗೆ ಇಪ್ಪತ್ತು ವರ್ಷ ದಾಟಿತ್ತು.

ಆಕ್ಷೇಪಣೆಯನ್ನ ಬರವಣಿಗೆಯಲ್ಲೇ ಕೊಡಿ. ವರದಿಯ ಪುಟ ಸಂಖ್ಯೆ, ಅಲ್ಲಿನ ವಾಕ್ಯ, ಕೆಳಗೆ ನಿಮ್ಮ ಬಾವಿಯ ಅಳತೆ. ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಗುಂಡಿ ಮುಚ್ಚಿದ ಮೇಲೂ ದಶಕಗಳ ಕಾಲ ರಸ ಪಂಪು ಮಾಡಬೇಕು, ಆ ಹಣ ಈಗಲೇ ಯಾವ ಖಾತೆಯಲ್ಲಿ ಇಡ್ತೀರಿ ಅನ್ನೋದನ್ನ ಕೊನೇ ಪ್ರಶ್ನೆಯಾಗಿ ಸೇರಿಸಿ.