ಮೇ 9ರ ಎರಡು ಹೆಣಗಳು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ, ಕುರ್ಚಿ ಬೇಕಾದಷ್ಟು ಖಾಲಿ ಇವೆ. ಸಿನಿಮಾ ಶುರುವಾಗುವ ಮುಂಚೆ ಭಾಷಣ ಮಾಡುವವನನ್ನು ಯಾರೂ ಇಷ್ಟಪಡುವುದಿಲ್ಲ, ಗೊತ್ತು. ಆದರೂ ಇವತ್ತಿನ ಸಿನಿಮಾ 'ನೂರು ಹೆಜ್ಜೆ' ನೋಡುವಾಗ ಒಂದು ತಾರೀಖು ನಿಮ್ಮ ತಲೆಯಲ್ಲಿ ಇರಬೇಕು. 1978ರ ಮೇ 9.

ಅವತ್ತು ಇಟಲಿಯಲ್ಲಿ ಎರಡು ಹೆಣ ಸಿಕ್ಕವು. ಒಂದು ರೋಮ್ ನಗರದ ನಟ್ಟನಡುವೆ, ಕಯೆತಾನಿ ಬೀದಿಯಲ್ಲಿ ನಿಂತಿದ್ದ ಕೆಂಪು ರೆನೋ 4 ಕಾರಿನ ಡಿಕ್ಕಿಯಲ್ಲಿ. ಅದು ಮಾಜಿ ಪ್ರಧಾನಿ ಅಲ್ದೊ ಮೋರೊ ಅವರದು. ಇನ್ನೊಂದು ಸಿಸಿಲಿಯ ಚೀನಿಸಿ ಅನ್ನುವ ಸಣ್ಣ ಊರಿನ ಹತ್ತಿರ, ರೈಲು ಹಳಿಯ ಮೇಲೆ. ಅದನ್ನು ಹೆಣ ಅನ್ನುವುದೂ ಕಷ್ಟ, ಸಿಡಿಮದ್ದಿಟ್ಟು ಚೂರುಚೂರು ಮಾಡಿದ್ದರು. ಪೆಪ್ಪಿನೊ ಇಂಪಸ್ತಾತೊ, 30 ವರ್ಷ. ಇಡೀ ದೇಶ ಕೆಂಪು ಕಾರಿನ ಕಡೆ ನೋಡುತ್ತಿತ್ತು. ಹಳಿ ಮೇಲಿನ ಹುಡುಗನ ಸುದ್ದಿ ಅದರಡಿ ಮುಚ್ಚಿಹೋಯಿತು.

ಈ ಎರಡೂ ಸಾವುಗಳ ಮೇಲೆ ಇಟಲಿಯವರು ಮತ್ತೆ ಮತ್ತೆ ಸಿನಿಮಾ ಮಾಡಿದ್ದಾರೆ. ಆದರೆ ಕೊಂದವರು ಯಾರು ಅನ್ನುವುದು ಅವರಿಗೆ ದೊಡ್ಡ ಪ್ರಶ್ನೆಯೇ ಅಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದವರು ಯಾರ್ಯಾರು, ಹೇಗೆ ಸುಮ್ಮನಿದ್ದರು, ಆಗ ಅವರ ಮುಖ ಹೇಗಿತ್ತು, ಕ್ಯಾಮೆರಾ ಹುಡುಕುವುದು ಅದನ್ನು.

ಇದು ಅಲ್ಲಿ ಹಳೇ ಚಾಳಿ. ಫ್ರಾಂಚೆಸ್ಕೊ ರೋಸಿ 1962ರಲ್ಲಿ ಸಿಸಿಲಿಯ ಡಕಾಯಿತ ಸಾಲ್ವತೋರೆ ಜೂಲಿಯಾನೊನ ಮೇಲೆ ಸಿನಿಮಾ ಮಾಡಿದಾಗ ಶುರುವಿನಲ್ಲೇ ಅವನ ಹೆಣ ತೋರಿಸಿಬಿಡುತ್ತಾರೆ. ಕಾಸ್ತೆಲ್ವೆತ್ರಾನೊ ಊರಿನ ಒಂದು ಅಂಗಳ, ಮಕಾಡೆ ಬಿದ್ದ ದೇಹ, ಮಹಜರು ಬರೆಸುತ್ತಿರುವ ಅಧಿಕಾರಿ. ಆಮೇಲೆ ಇಡೀ ಸಿನಿಮಾದಲ್ಲಿ ನಾಯಕನ ಮುಖ ಸರಿಯಾಗಿ ಕಾಣಿಸುವುದೇ ಇಲ್ಲ. ದೂರದ ಗುಡ್ಡದಲ್ಲಿ ಬಿಳಿ ಕೋಟು ಹಾಕಿದ ಒಬ್ಬ ಓಡುತ್ತಾನೆ, ಅಷ್ಟೇ. ನಮ್ಮಲ್ಲಿ ಹೀರೋ ಎಂಟ್ರಿಗೆ ಶಿಳ್ಳೆ ಹೊಡೆಯಲು ಕಾದು ಕೂತಿರುತ್ತೇವಲ್ಲ, ಹಾಗೆ ಕಾದರೆ ಇಲ್ಲಿ ಕಾಯುವುದೇ ಆಯಿತು. ಅವನನ್ನು ಬಳಸಿಕೊಂಡವರ ಕಥೆ ರೋಸಿಗೆ ಬೇಕಿತ್ತು.

ಮರುವರ್ಷ ಅವರೇ ನೇಪಲ್ಸ್‌ನ ಬಿಲ್ಡರ್ ಒಬ್ಬನ ಮೇಲೆ 'ನಗರದ ಮೇಲೆ ಕೈಗಳು' ಅನ್ನುವ ಸಿನಿಮಾ ಮಾಡಿದರು, ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಸಿಕ್ಕಿತು. ನಾನು ಅದನ್ನು ಮೊದಲ ಸಲ ನೋಡಿದ್ದು ಗೆಳೆಯನೊಬ್ಬ ಕೊಟ್ಟ ಗೀಚುಬಿದ್ದ ಡಿವಿಡಿಯಲ್ಲಿ. ಸಬ್‌ಟೈಟಲ್ ಹತ್ತು ಸೆಕೆಂಡ್ ತಡವಾಗಿ ಬರುತ್ತಿತ್ತು. ಒಂದು ಕಟ್ಟಡ ಕುಸಿದು ಜನ ಸತ್ತಿದ್ದಾರೆ, ನಗರಸಭೆಯಲ್ಲಿ ಗಲಾಟೆ. ಆಡಳಿತ ಪಕ್ಷದವರೆಲ್ಲ ಒಟ್ಟಿಗೆ ಎರಡೂ ಕೈ ಎತ್ತಿ ಅಲ್ಲಾಡಿಸುತ್ತಾ ಕೂಗುತ್ತಾರೆ. ಏನು ಕೂಗುತ್ತಿದ್ದಾರೆ ಅಂತ ಸಬ್‌ಟೈಟಲ್ ಬರುವ ಮೊದಲೇ ನನಗೆ ಅರ್ಥವಾಗಿತ್ತು. ನಮ್ಮ ಕೈ ಶುದ್ಧ ಅಂತ. ನಮ್ಮ ಕಡೆ ಕೈ, ಕಚ್ಚೆ, ಬಾಯಿ ಮೂರೂ ಶುದ್ಧ ಅನ್ನುತ್ತಾರೆ, ಅವರು ಕೈ ಒಂದಕ್ಕೇ ನಿಲ್ಲಿಸಿದ್ದಾರೆ. ಇದರಲ್ಲಿ ಎಡಪಕ್ಷದ ಸದಸ್ಯನ ಪಾತ್ರ ಮಾಡಿದವರು ನಿಜವಾಗಿಯೂ ನೇಪಲ್ಸ್‌ನ ಕಮ್ಯುನಿಸ್ಟ್ ಕೌನ್ಸಿಲರ್. 29 ವರ್ಷದ ನಂತರ, 1992ರಲ್ಲಿ, ಮಿಲಾನ್‌ನಲ್ಲಿ ವೃದ್ಧಾಶ್ರಮ ಸಂಸ್ಥೆಯೊಂದರ ಮುಖ್ಯಸ್ಥ ಲಂಚ ತೆಗೆದುಕೊಳ್ಳುವಾಗ ಸಿಕ್ಕಿಬಿದ್ದ. ಅಲ್ಲಿಂದ ಶುರುವಾದ ತನಿಖೆ ಹಳೇ ಪಕ್ಷಗಳನ್ನೆಲ್ಲ ನೆಲಸಮ ಮಾಡಿತು. ಆ ತನಿಖೆಗೆ ಬಿದ್ದ ಹೆಸರು 'ಶುದ್ಧ ಕೈಗಳು'.

ಎಲಿಯೊ ಪೆತ್ರಿ ಇನ್ನೂ ಮುಂದೆ ಹೋದರು. 1970ರ ಅವರ ಸಿನಿಮಾದಲ್ಲಿ ದೊಡ್ಡ ಪೊಲೀಸ್ ಅಧಿಕಾರಿಯೊಬ್ಬ ತನ್ನ ಪ್ರೇಯಸಿಯನ್ನು ಕೊಂದು, ಬೇಕೆಂದೇ ಬೆರಳಚ್ಚು ಬಿಟ್ಟು, ತಾನೇ ಪೊಲೀಸರಿಗೆ ಫೋನ್ ಮಾಡುತ್ತಾನೆ. ನನ್ನನ್ನು ಹಿಡಿಯುವ ಧೈರ್ಯ ಯಾರಿಗಿದೆ ನೋಡೋಣ ಅಂತ. ಸಿನಿಮಾ ತೆರೆಗೆ ಬರುವ ಎರಡು ತಿಂಗಳ ಹಿಂದಷ್ಟೇ ಮಿಲಾನ್‌ನ ಪಿಯಾತ್ಸಾ ಫೊಂತಾನಾದ ಬ್ಯಾಂಕಿನಲ್ಲಿ ಬಾಂಬ್ ಸಿಡಿದು 17 ಜನ ಸತ್ತಿದ್ದರು. ವಿಚಾರಣೆಗೆ ಕರೆತಂದಿದ್ದ ರೈಲ್ವೆ ಕೆಲಸಗಾರನೊಬ್ಬ ಪೊಲೀಸ್ ಕಚೇರಿಯ ಕಿಟಕಿಯಿಂದ ಕೆಳಗೆ ಬಿದ್ದು ಸತ್ತಿದ್ದ. ಚಿತ್ರೀಕರಣ ಅದಕ್ಕೂ ಮೊದಲೇ ಮುಗಿದಿತ್ತು. ಆದರೂ ಅದನ್ನು ಬರೀ ಕಟ್ಟುಕಥೆ ಅಂತ ಯಾರು ನೋಡಿಯಾರು?

ಸಿನಿಮಾ ಮಾಡುವುದೇ ಅಪಾಯ ಅನ್ನುವುದೂ ಅಲ್ಲಿ ಬರೀ ಮಾತಲ್ಲ. ತೈಲ ಕಂಪನಿಯ ಮುಖ್ಯಸ್ಥ ಎನ್ರಿಕೊ ಮತ್ತೇಯಿ 1962ರಲ್ಲಿ ಸಿಸಿಲಿಯಿಂದ ಮಿಲಾನ್‌ಗೆ ಬರುವಾಗ ಅವರ ವಿಮಾನ ಬಿತ್ತು. ರೋಸಿ ಅದರ ಮೇಲೆ ಸಿನಿಮಾ ಮಾಡಲು ಹೊರಟು, ಮತ್ತೇಯಿಯ ಕೊನೆಯ ದಿನಗಳ ವಿವರ ಹುಡುಕಲು ಪಲೆರ್ಮೊದ ಪತ್ರಕರ್ತ ಮೌರೊ ದೆ ಮೌರೊಗೆ ಹೇಳಿದರು. 1970ರ ಸೆಪ್ಟೆಂಬರ್ 16ರ ಸಂಜೆ ದೆ ಮೌರೊ ತಮ್ಮ ಮನೆಯ ಮುಂದಿನಿಂದಲೇ ಕಾಣೆಯಾದರು. ದೇಹ ಇವತ್ತಿನವರೆಗೂ ಸಿಕ್ಕಿಲ್ಲ. ಸಿನಿಮಾ 1972ರಲ್ಲಿ ಮುಗಿಯಿತು, ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು. ಆ ಪತ್ರಕರ್ತನ ಕಣ್ಮರೆಯೂ ಸಿನಿಮಾದೊಳಗೇ ಇದೆ.

ಇಲ್ಲಿಂದ ಆ ಕೆಂಪು ಕಾರಿಗೆ ಬರುತ್ತೇನೆ. 1978ರ ಮಾರ್ಚ್ 16ರ ಬೆಳಿಗ್ಗೆ ರೆಡ್ ಬ್ರಿಗೇಡ್ ಅನ್ನುವ ಎಡಪಂಥೀಯ ಉಗ್ರರ ಗುಂಪಿನವರು ಮೋರೊ ಅವರ ಐದೂ ಅಂಗರಕ್ಷಕರನ್ನು ಕೊಂದು ಮೋರೊ ಅವರನ್ನು ಹೊತ್ತೊಯ್ದರು. ಕಮ್ಯುನಿಸ್ಟರ ಬೆಂಬಲದ ಹೊಸ ಸರ್ಕಾರಕ್ಕೆ ಅವತ್ತೇ ವಿಶ್ವಾಸ ಮತ, ಅದನ್ನು ಕುದುರಿಸಿದವರೇ ಮೋರೊ. 55 ದಿನ ಕೂಡಿಹಾಕಿದ್ದರು. ಒಳಗಿಂದ ಅವರು ಪತ್ರದ ಮೇಲೆ ಪತ್ರ ಬರೆದರು. ಹೆಂಡತಿಗೆ, ಪಕ್ಷದವರಿಗೆ, ಪೋಪ್‌ಗೆ. ಸರ್ಕಾರ ಮಾತುಕತೆ ಇಲ್ಲ ಅಂದಿತು. ಪಕ್ಷದ ಗೆಳೆಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಪತ್ರ ಬರೆಯುತ್ತಿರುವವನು ನಮಗೆ ಗೊತ್ತಿದ್ದ ಮೋರೊ ಅಲ್ಲ ಅಂದುಬಿಟ್ಟರು. ಬದುಕಿರುವ ಮನುಷ್ಯನಿಗೆ ಎಳ್ಳುನೀರು ಬಿಟ್ಟ ಹಾಗೆ.

ಮಾರ್ಕೊ ಬೆಲ್ಲೊಕಿಯೊ ಈ ಕಥೆಯನ್ನು ಎರಡು ಸಲ ಮಾಡಿದರು. 2003ರದ್ದು ಅವರನ್ನು ಕೂಡಿಹಾಕಿದ್ದ ಮನೆಯೊಳಗಿನಿಂದ. ಪುಸ್ತಕದ ಕಪಾಟಿನ ಹಿಂದೆ ಗೂಡಿನಂಥ ಕೋಣೆ, ಅಲ್ಲಿ ಮೋರೊ. ಹೊರಗೆ ಮಾಮೂಲಿ ಸಂಸಾರದ ಮನೆ. ಅಪಹರಣದ ದಿನ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯಾಕೆ, ಸ್ವಲ್ಪ ಹೊತ್ತು ನೋಡಿಕೊಳ್ಳಮ್ಮ ಅಂತ ಮಗುವನ್ನು ಕೊಟ್ಟು ಹೋಗುತ್ತಾಳೆ. ಅಪಹರಣಕಾರರ ತಂಡದ ಹುಡುಗಿ ಒಂದು ಕಣ್ಣು ಮಗುವಿನ ಮೇಲೆ, ಇನ್ನೊಂದು ಬಾಗಿಲ ಮೇಲೆ ಇಟ್ಟು ಕೂರಬೇಕು. ಎಷ್ಟು ಬಂದೂಕು ತೋರಿಸಿದ್ದರೂ ಆ ಮಗು ಹುಟ್ಟಿಸುವ ಹೆದರಿಕೆ ಬರುತ್ತಿರಲಿಲ್ಲ. ಕೊನೆಯಲ್ಲಿ ಮೋರೊ ಕಪಾಟಿನ ಹಿಂದಿನಿಂದ ಎದ್ದು, ಕೋಟಿನ ಕಾಲರ್ ಸರಿಮಾಡಿಕೊಂಡು, ಬೆಳಗಿನ ರಸ್ತೆಯಲ್ಲಿ ಹಗುರಾಗಿ ನಡೆದುಹೋಗುತ್ತಾರೆ. ಕನಸು. ಅದರ ಜೊತೆಗೇ ನಿಜವಾದ ಟೀವಿ ದೃಶ್ಯವೂ ಇದೆ: ಪೋಪ್ ನಡೆಸಿದ ಶ್ರದ್ಧಾಂಜಲಿ ಪೂಜೆ, ಸಾಲಾಗಿ ಕೂತ ನಾಯಕರು. ಮೋರೊ ಅವರ ದೇಹ ಮಾತ್ರ ಅಲ್ಲಿಲ್ಲ, ಮನೆಯವರು ಕೊಟ್ಟಿರಲಿಲ್ಲ.

ಸುಮಾರು ಇಪ್ಪತ್ತು ವರ್ಷ ಬಿಟ್ಟು, 2022ರಲ್ಲಿ, ಅದೇ ನಿರ್ದೇಶಕ ಅದೇ 55 ದಿನಗಳನ್ನು ಹೊರಗಿನಿಂದ ನೋಡಿದರು, ಆರು ಕಂತುಗಳಲ್ಲಿ. ಗೃಹಮಂತ್ರಿ ಕೊಸ್ಸಿಗ, ಪೋಪ್, ಹೆಂಡತಿ ಎಲೆಯೊನೊರಾ, ಹೀಗೆ ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗುತ್ತಾರೆ. ಇಲ್ಲೂ ಕನಸಿದೆ, ಆದರೆ ಈ ಸಲ ಮೊದಲಿಗೇ. ಮೋರೊ ಬದುಕಿ ಬಂದಿದ್ದಾರೆ, ಆಸ್ಪತ್ರೆಯ ಮಂಚದಲ್ಲಿದ್ದಾರೆ. ನೋಡಲು ಬಂದ ಪಕ್ಷದ ಗೆಳೆಯರು ಕಾಲುಬುಡದಲ್ಲಿ ನಿಂತಿದ್ದಾರೆ, ಒಬ್ಬರ ಬಾಯಲ್ಲೂ ಮಾತಿಲ್ಲ. ನನಗೆ ಮೊದಲನೆಯದಕ್ಕಿಂತ ಇದೇ ಜಾಸ್ತಿ ಇಷ್ಟ. ಮೊದಲನೆಯದರಲ್ಲಿ ಅವರು ಬದುಕಲಿ ಅಂತ ನಾವು ಆಸೆಪಡುತ್ತೇವೆ. ಇಲ್ಲಿ, ಅವರು ಬದುಕಿ ಬಂದಿದ್ದರೆ ಯಾರಿಗೆ ಕಷ್ಟವಾಗುತ್ತಿತ್ತು ಅಂತ ಗೊತ್ತಾಗುತ್ತದೆ.

ಟೀವಿ ವಿಷಯ ಬೇಗ ಮುಗಿಸುತ್ತೇನೆ. 1984ರಿಂದ ಸರ್ಕಾರಿ ವಾಹಿನಿಯಲ್ಲಿ ಬಂದ 'ಆಕ್ಟೋಪಸ್' ಅನ್ನುವ ಮಾಫಿಯಾ ಧಾರಾವಾಹಿ ಮನೆಮನೆಯ ಮಾತಾಗಿತ್ತು. ನಾಲ್ಕನೇ ಸರಣಿಯಲ್ಲಿ ಇನ್‌ಸ್ಪೆಕ್ಟರ್ ನಾಯಕನನ್ನೇ ಸಾಯಿಸಿಬಿಟ್ಟರು. 2009ರಲ್ಲಿ ಪ್ರಧಾನಿ ಬೆರ್ಲುಸ್ಕೋನಿ, ಇದನ್ನು ಮಾಡಿದವರು ಕೈಗೆ ಸಿಕ್ಕರೆ ಕತ್ತು ಹಿಸುಕುತ್ತೇನೆ ಅಂದಿದ್ದರು, ದೇಶದ ಮಾನ ಹೋಯಿತಂತೆ. ಇದೂ ಹಳೇ ರಾಗವೇ. 1952ರಲ್ಲಿ ಆಂದ್ರೆಯೊತ್ತಿ ಅನ್ನುವ ಯುವ ರಾಜಕಾರಣಿ ಇದೇ ಕಾರಣಕ್ಕೆ ನಿರ್ದೇಶಕ ದೆ ಸೀಕಾ ಅವರನ್ನು ಪತ್ರಿಕೆಯಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ಏಳು ಸಲ ಪ್ರಧಾನಿಯಾದ ಆ ಮನುಷ್ಯನೇ, ಮೋರೊ ಸತ್ತಾಗಲೂ ಪ್ರಧಾನಿ, 2008ರಲ್ಲಿ ಸೊರೆಂತೀನೊ ಸಿನಿಮಾದ ನಾಯಕನಾದರು, ತಲೆನೋವಿಗೆ ಮುಖದ ತುಂಬ ಸೂಜಿ ಚುಚ್ಚಿಸಿಕೊಂಡು. ನೇಪಲ್ಸ್‌ನ ಮಾಫಿಯಾ ಮೇಲಿನ ಈಚಿನ 'ಗೊಮೊರ್ರಾ' ಸರಣಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಗುಂಡು ಹಾರುವಾಗ ಅಷ್ಟು ಚೆಂದದ ಮ್ಯೂಸಿಕ್ ಬಂದರೆ ನನಗೆ ಕಸಿವಿಸಿ. ಅದರ ಮೂಲ ಪುಸ್ತಕ ಬರೆದ ಸವಿಯಾನೊ 2006ರಿಂದ ಪೊಲೀಸ್ ಕಾವಲಿನಲ್ಲೇ ಬದುಕುತ್ತಿದ್ದಾರೆ.

ಇನ್ನು ಹಳಿ ಮೇಲಿನ ಹುಡುಗ. ಪೆಪ್ಪಿನೊನ ಅಪ್ಪನೇ ಮಾಫಿಯಾದವರ ಬಳಗದವನು. ಮಗ ಮನೆಯಿಂದ ಹೊರಬಿದ್ದು 'ರೇಡಿಯೊ ಔತ್' ಅಂತ ಪುಟ್ಟ ರೇಡಿಯೊ ಶುರುಮಾಡಿದ. ಊರಿಗೆ 'ಮಾಫಿಯೊಪೊಲಿ' ಅಂತ ಹೆಸರಿಟ್ಟು, ಮಾಫಿಯಾ ದೊರೆ ತಾನೊ ಬದಲಮೆಂತಿಯನ್ನು ಅಡ್ಡಹೆಸರಿಂದ ಕರೆದು ಗೇಲಿ ಮಾಡುತ್ತಿದ್ದ. ಬೈದಿದ್ದರೆ ಸಹಿಸುತ್ತಿದ್ದರೋ ಏನೋ, ಇವನು ಊರನ್ನು ನಗಿಸಿದ. ಸತ್ತಾಗ ಪೊಲೀಸರು, ರೈಲಿಗೆ ಬಾಂಬಿಡಲು ಹೋಗಿ ತಾನೇ ಸತ್ತ ಭಯೋತ್ಪಾದಕ ಅಂದರು. ಐದು ದಿನದ ನಂತರ ನಡೆದ ಊರ ಚುನಾವಣೆಯಲ್ಲಿ ಜನ ಸತ್ತವನಿಗೇ ವೋಟು ಹಾಕಿ ಗೆಲ್ಲಿಸಿದರು. ತಾಯಿ ಫೆಲಿಚಿಯಾ ಪಟ್ಟು ಬಿಡಲಿಲ್ಲ. ಬದಲಮೆಂತಿಗೆ ಜೀವಾವಧಿ ಶಿಕ್ಷೆ ಆಗುವಾಗ 2002. ಅಂದರೆ ನೀವೀಗ ನೋಡುವ ಸಿನಿಮಾ, ಮಾರ್ಕೊ ತುಲ್ಲಿಯೊ ಜೊರ್ದಾನಾ ಅವರ 'ನೂರು ಹೆಜ್ಜೆ', ತೀರ್ಪಿಗಿಂತ ಎರಡು ವರ್ಷ ಮೊದಲೇ ಬಂದಿತ್ತು.

ನೂರು ಹೆಜ್ಜೆ ಅಂದರೆ ಅವನ ಮನೆಗೂ ಬದಲಮೆಂತಿಯ ಮನೆಗೂ ಇರುವ ದೂರ. ಅಲ್ಲಿಗೆ ಹೋದವರು ಈಗಲೂ ನಡೆದು ನೋಡಬಹುದು. ಬದಲಮೆಂತಿಯ ಮನೆಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡು ಪೆಪ್ಪಿನೊ ನೆನಪಿನ ಸಂಸ್ಥೆಗೇ ಕೊಟ್ಟಿದೆ. ಸಿನಿಮಾದಲ್ಲಿ ಒಂದು ರಾತ್ರಿ ಅವನು ತಮ್ಮನನ್ನು ರಸ್ತೆಗೆ ಎಳೆದು, ಎಣಿಸೋಕೆ ಬರುತ್ತೇನೋ ಅಂತ ಕೇಳಿ, ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸುತ್ತಾ ನಡೆಯುತ್ತಾನೆ. ತಮ್ಮ ಹೆದರಿ, ಸುಮ್ನಿರು ಅಂತ ಗೋಗರೆಯುತ್ತಾನೆ. ಅಕ್ಕಪಕ್ಕದ ಕಿಟಕಿಗಳ ಕಡೆ ಗಮನ ಇಡಿ.

ಸರಿ, ಲೈಟ್ ಆರಿಸಿಬಿಡಿ. ಫ್ಯಾನ್ ಸದ್ದು ಜಾಸ್ತಿಯಾದರೆ ಹೇಳಿ, ಒಂದನ್ನು ನಿಲ್ಲಿಸೋಣ.