ಬಾರ್ ಎತ್ತುವ ದಿನ ಮುದ್ದೆ, ಬಿಡುವಿನ ದಿನ ಕಡಲೆಕಾಯಿ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ತೂಕ ಇಳಿಸಲು ಅನ್ನವನ್ನು ಪೂರ್ತಿ ಬಿಟ್ಟವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ನಾನೂ ನಿಮ್ಮಲ್ಲಿ ಒಬ್ಬ.

ಆರು ವರ್ಷದ ಹಿಂದೆ ನಾನು ಅನ್ನ, ಮುದ್ದೆ, ಚಪಾತಿ ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದೆ. ಮೊದಲ ವಾರವೇ ಎರಡೂವರೆ ಕಿಲೋ ಇಳಿಯಿತು. ಮೂರು ತಿಂಗಳಿಗೆ ಒಂಬತ್ತು ಕಿಲೋ. ಪ್ಯಾಂಟ್ ಸಡಿಲವಾಯಿತು, ನೆಂಟರು ಹೊಗಳಿದರು. ಆದರೆ 100 ಕಿಲೋ ಹೊತ್ತು ಐದು ಸಲ ಸ್ಕ್ವಾಟ್ (ಕೂತು ಏಳುವುದು) ಮಾಡುತ್ತಿದ್ದ ನನಗೆ 75 ಕಿಲೋಗೇ ಕಾಲು ನಡುಗತೊಡಗಿತು. ಕೊಬ್ಬಿನ ಜೊತೆಗೆ, ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಸ್ನಾಯುವೂ ಹೋಗಿತ್ತು. ಅದನ್ನು ಮತ್ತೆ ಕಟ್ಟಲು ಒಂದೂವರೆ ವರ್ಷ ಬೇಕಾಯಿತು. ಆ ಸಂಕಟ ನಿಮಗೆ ಬರಬಾರದು ಅಂತಲೇ ಇವತ್ತು ಕಾರ್ಬ್ ಸೈಕ್ಲಿಂಗ್ ಬಗ್ಗೆ ಮಾತು ಆಡುತ್ತಿದ್ದೇನೆ. ಅಂದರೆ ಅನ್ನ, ಮುದ್ದೆ, ಚಪಾತಿಯಲ್ಲಿರುವ ಕಾರ್ಬ್ (ಪಿಷ್ಟ, ಸಕ್ಕರೆ) ಪ್ರಮಾಣವನ್ನು ದಿನಕ್ಕೆ ತಕ್ಕಂತೆ ಏರಿಸಿ ಇಳಿಸುವುದು.

ಸ್ನಾಯು ಉಳಿಸಿಕೊಳ್ಳುವುದು ನಮ್ಮ ಜನಕ್ಕೆ ಇನ್ನೂ ಮುಖ್ಯ. ಯಾಕೆ ಅಂತ ಹೇಳುತ್ತೇನೆ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್, ಇಬ್ಬರ ಫೋಟೋವೂ ಅದರಲ್ಲಿತ್ತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಒಂದೇ, 22.3. ನೋಡಿದರೆ ಇಬ್ಬರೂ ತೆಳ್ಳಗೆ. ಆದರೆ ಅಳೆದಾಗ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2! ನಮ್ಮಲ್ಲಿ ಬಹಳ ಜನರ ಮೈ ಹೀಗೇ. ಹೊರಗೆ ಸಣ್ಣ, ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಇರುವ ಸ್ನಾಯುವನ್ನೂ ಉಪವಾಸ ಮಾಡಿ ಕಳೆದುಕೊಂಡರೆ ಆಮೇಲೆ ಉಳಿಯುವುದೇನು? ಅದಕ್ಕೇ ನನಗೆ ತೂಕದ ಮಷೀನಿನ ಅಂಕಿಗಿಂತ ಬಾರ್, ಅಂದರೆ ಭಾರ ಹಾಕಿ ಎತ್ತುವ ಸರಳು, ಅದರ ಮೇಲಿನ ಅಂಕಿ ಮುಖ್ಯ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಅವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತುವ ಸ್ಪರ್ಧೆಯ 56 ಕಿಲೋ ವಿಭಾಗದಲ್ಲಿ, ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಹಗುರ ಮೈಯಲ್ಲಿ ಎಷ್ಟು ಬಲ ಇರಬಹುದು ನೋಡಿ.

ಈಗ ಆ ಮೊದಲ ವಾರದ ಎರಡೂವರೆ ಕಿಲೋ ವಿಷಯಕ್ಕೆ ಬರೋಣ. ಅದರಲ್ಲಿ ಕೊಬ್ಬು ಬಹಳ ಕಡಿಮೆ. ನಾವು ತಿಂದ ಅನ್ನ, ಮುದ್ದೆ ಸಕ್ಕರೆಯಾಗಿ ಒಡೆದು, ಒಂದಷ್ಟು ಭಾಗ ಸ್ನಾಯುವಿನಲ್ಲೂ ಲಿವರ್‌ನಲ್ಲೂ ಗ್ಲೈಕೋಜನ್ ಆಗಿ ಕೂರುತ್ತದೆ. ಸ್ನಾಯುವಿನಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ ಅಂತಿಟ್ಟುಕೊಳ್ಳಿ. ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟರೆ ಈ ಕಣಜ ಖಾಲಿಯಾಗುತ್ತಾ ಬರುತ್ತದೆ, ನೀರೂ ಅದರ ಜೊತೆ ಹೋಗುತ್ತದೆ. ನಾನು ಕೊಬ್ಬು ಕರಗಿತು ಅಂತ ನಂಬಿದ್ದು ಬಹುಪಾಲು ನೀರು.

ಈ ಕಣಜ ಹೇಗೆ ತುಂಬುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗವಿದೆ. ಸ್ವೀಡನ್‌ನ ಯೋನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ 1966ರಲ್ಲಿ ತಮ್ಮ ಮೇಲೆಯೇ ಮಾಡಿಕೊಂಡ ಪ್ರಯೋಗ. ನಿಂತಲ್ಲೇ ತುಳಿಯುವ ಒಂದೇ ಸೈಕಲ್‌ನ ಆಚೆ ಒಬ್ಬರು, ಈಚೆ ಒಬ್ಬರು. ಇಬ್ಬರೂ ಒಂದೊಂದೇ ಕಾಲಿನಲ್ಲಿ, ಸುಸ್ತಾಗಿ ಇನ್ನಾಗದು ಅನ್ನುವವರೆಗೆ ತುಳಿದರು. ಆಮೇಲೆ ಮೂರು ದಿನ ಕಾರ್ಬ್ ಜಾಸ್ತಿ ಇರುವ ಊಟ. ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್ ಸುಮ್ಮನಿದ್ದ ಕಾಲಿನ ಸುಮಾರು ಎರಡರಷ್ಟು ತುಂಬಿತ್ತು! ಮೈ ಒಂದೇ, ತಿಂದ ಊಟ ಒಂದೇ. ದುಡಿದ ಸ್ನಾಯು ಮಾತ್ರ ಕಾರ್ಬನ್ನು ಬಾಚಿ ಒಳಗೆ ಎಳೆದುಕೊಂಡಿತು.

ಕಾರ್ಬ್ ಸೈಕ್ಲಿಂಗ್‌ನ ತಿರುಳು ಇಲ್ಲೇ ಇದೆ. ಬಾರ್ ಎತ್ತುವ ದಿನ ಕಾರ್ಬ್ ಜಾಸ್ತಿ, ಕೊಬ್ಬು ಕಡಿಮೆ. ಬಿಡುವಿನ ದಿನ ಕಾರ್ಬ್ ಕಡಿಮೆ, ಕೊಬ್ಬು ಸ್ವಲ್ಪ ಜಾಸ್ತಿ. ಪ್ರೋಟೀನ್ ಎರಡೂ ದಿನ ಒಂದೇ. ಕಾರ್ಬ್, ಕೊಬ್ಬು ಇವೆರಡರಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಎರಡೂ ಏರಿದರೆ ಅದು ಬರೀ ಜಾಸ್ತಿ ತಿಂದ ಹಾಗೆ.

ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಕೊಬ್ಬು ಕರಗಿಸುವ ಮಂತ್ರ ಈ ಏರಿಳಿತದಲ್ಲಿ ಇಲ್ಲ. ವಾರದ ಒಟ್ಟು ಲೆಕ್ಕದಲ್ಲಿ ಖರ್ಚಿಗಿಂತ ಕಡಿಮೆ ತಿಂದಾಗ ಮಾತ್ರ ಕೊಬ್ಬು ಹೋಗುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಒಂದು ವರ್ಷ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೋ, ಕಾರ್ಬ್ ಕಡಿಮೆ ತಿಂದವರು 6 ಕಿಲೋ ಇಳಿಸಿದ್ದರು. ಗಣನೆಗೆ ಬರುವಂಥ ವ್ಯತ್ಯಾಸ ಅಲ್ಲ ಅದು. ಹಾಗಾದರೆ ಈ ಸೈಕ್ಲಿಂಗ್ ಯಾಕೆ ಬೇಕು? ಇರುವ ಸ್ವಲ್ಪ ಊಟವನ್ನು ಸರಿಯಾದ ದಿನಕ್ಕೆ ಇಡುವುದಕ್ಕೆ. ಬಡ ಕುಟುಂಬದ ತಾಯಿ ಸಂಬಳದ ಹಣವನ್ನು ಹಂಚುವ ಹಾಗೆ.

ಲೆಕ್ಕ ನೋಡೋಣ. 70 ಕಿಲೋ ತೂಕದ ಒಬ್ಬರಿಗೆ ದಿನಕ್ಕೆ ಸುಮಾರು 2,400 ಕ್ಯಾಲೊರಿ ಖರ್ಚಾಗುತ್ತದೆ ಅಂದುಕೊಳ್ಳಿ. ಕಾರ್ಬ್, ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9. ಬಾರ್ ಎತ್ತುವ ದಿನ ಪ್ರೋಟೀನ್ 120 ಗ್ರಾಂ, ಕಾರ್ಬ್ 300, ಕೊಬ್ಬು 45. ಒಟ್ಟು 2,085 ಕ್ಯಾಲೊರಿ. ಬಿಡುವಿನ ದಿನ ಪ್ರೋಟೀನ್ ಅದೇ 120, ಕಾರ್ಬ್ 140, ಕೊಬ್ಬು 80. ಒಟ್ಟು 1,760. ನಾಲ್ಕು ದಿನ ಎತ್ತಿ ಮೂರು ದಿನ ಬಿಡುವು ಕೊಟ್ಟರೆ ವಾರಕ್ಕೆ ಸುಮಾರು 3,200 ಕ್ಯಾಲೊರಿ ಕೊರತೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿದರೆ ವಾರಕ್ಕೆ 400 ಗ್ರಾಂ ಹೋಗುತ್ತದೆ. ನಿಧಾನ ಅನ್ನಿಸುತ್ತದೆ, ಅಲ್ವಾ? ಆದರೆ ಬಲ ಉಳಿಯುವುದು ಈ ವೇಗದಲ್ಲೇ.

ಪ್ರೋಟೀನ್ ವಿಷಯದಲ್ಲಿ ನಮ್ಮ ಊಟ ಸೋಲುತ್ತದೆ. ಸಾಮಾನ್ಯ ಜನರಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಸಾಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಭಾರ ಎತ್ತುತ್ತಾ ಕೊಬ್ಬು ಇಳಿಸುವವರಿಗೆ 1.6 ಗ್ರಾಂ ಆದರೂ ಬೇಕು. ಬರೀ ಬೇಳೆ ಸಾರಿನಿಂದ ಅಷ್ಟು ಬರುವುದಿಲ್ಲ.

ಇನ್ನು ತಟ್ಟೆಗೆ ಬರೋಣ. ನಮ್ಮ ಅಡುಗೆಯಲ್ಲಿ ಕಾರ್ಬ್ ದಿನದ ಊಟ ಹುಡುಕುವುದೇ ಬೇಡ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 67 ಗ್ರಾಂ ಕಾರ್ಬ್ ಇದೆ, ಕೊಬ್ಬು 2 ಗ್ರಾಂ ಕೂಡ ಇಲ್ಲ. ಮುದ್ದೆಗೆ ಬಸ್ಸಾರು ಅಥವಾ ಚರ್ಮ ತೆಗೆದ ಕೋಳಿಯ ಸಾರು. ಕರಾವಳಿಯವರಿಗೆ ಕುಚಲಕ್ಕಿ ಗಂಜಿ ಮತ್ತು ತೆಂಗಿನಕಾಯಿ ಕಡಿಮೆ ಹಾಕಿದ ಮೀನು ಸಾರು. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ ಮತ್ತು ಕಾಳು ಪಲ್ಯ. ಇಡ್ಲಿ ಸಾಂಬಾರ್ ಕೂಡ ಒಳ್ಳೆಯದೇ. ಆ ದಿನದ ಪ್ರೋಟೀನ್ ಸೋಯಾ, ಮೊಟ್ಟೆಯ ಬಿಳಿ, ಕೆನೆ ತೆಗೆದ ಮೊಸರು ಇಂಥದ್ದರಿಂದ ಬರಲಿ. ಬಿಡುವಿನ ದಿನ ಪೂರ್ತಿ ಮೊಟ್ಟೆ, ಪನೀರ್, ಬಂಗಡೆ, ಕಾಯಿ ತುರಿ ಹಾಕಿದ ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ) ತಿನ್ನಿ. ಒಂದು ಹಿಡಿ, ಅಂದರೆ 30 ಗ್ರಾಂ, ಕಡಲೆಕಾಯಿ ಬೀಜದಲ್ಲೇ 12ರಿಂದ 14 ಗ್ರಾಂ ಕೊಬ್ಬು ಇರುತ್ತದೆ. ಅಳೆದು ತಿನ್ನಿ. ರೊಟ್ಟಿ ಒಂದು ಸಾಕು.

ಎರಡೂ ದಿನಕ್ಕೆ ಹೊಂದದ ಊಟ ಅಂದರೆ ಚಿತ್ರಾನ್ನ, ಪುಳಿಯೋಗರೆ, ಮಸಾಲೆ ದೋಸೆ, ಪೂರಿ. ಅನ್ನಕ್ಕೆ ಅನ್ನ, ಎಣ್ಣೆಗೆ ಎಣ್ಣೆ. ನನಗೂ ಇಷ್ಟ ಇವೆಲ್ಲ. ತಿನ್ನಲೇಬಾರದು ಅಂತ ನಾನು ಹೇಳುವುದಿಲ್ಲ. ವಾರಕ್ಕೊಮ್ಮೆ ಲೆಕ್ಕದಲ್ಲಿ ಸೇರಿಸಿ ತಿನ್ನಿ.

ಇನ್ನು ವ್ಯಾಯಾಮ. ತೂಕ ಇಳಿಸುವಾಗ ಹಗುರ ಡಂಬೆಲ್ ಹಿಡಿದು ಮೂವತ್ತು ಸಲ ಎತ್ತಿದರೆ ಮೈ ಸಣ್ಣಗಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬೇಡ. ಭಾರ ಹಾಗೇ ಇರಲಿ, ಬೇಕಾದರೆ ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು) ಕಡಿಮೆ ಮಾಡಿ. ಭಾರ ಎತ್ತುವ ಕೆಲಸ ಇದೆ ಅಂತ ಗೊತ್ತಿದ್ದರೆ ಮೈ ಸ್ನಾಯುವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಂದೆರಡು ಸಲದ ದೊಡ್ಡ ಎತ್ತುವಿಕೆಗೆ ಗ್ಲೈಕೋಜನ್ ಅಷ್ಟಾಗಿ ಬೇಕಾಗುವುದಿಲ್ಲ. ಎಂಟು, ಹತ್ತು ಸಲದ ಸೆಟ್‌ಗಳನ್ನು ಒಂದರ ಮೇಲೊಂದು ಮಾಡುವಾಗ ಬೇಕು. ಅದಕ್ಕೇ ಕಾಲಿನ ದಿನ, ಬೆನ್ನಿನ ದಿನ ಕಾರ್ಬ್ ಎಲ್ಲಕ್ಕಿಂತ ಜಾಸ್ತಿ ಇರಲಿ. ಎತ್ತುವುದಕ್ಕೆ ಎರಡು ಮೂರು ಗಂಟೆ ಮೊದಲು ಒಂದು ಪಾಲು, ಮುಗಿದ ಮೇಲೆ ಒಂದು ಪಾಲು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬೇಡಿ. ಕಾರ್ಬ್ ಕಡಿಮೆ ಇರುವ ದಿನ ಸಕ್ಕರೆ ತೀರಾ ಕೆಳಗೆ ಇಳಿದು ಅಪಾಯವಾಗಬಹುದು. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅಂತ ಅವರಿಂದಲೇ ತಿಳಿದುಕೊಳ್ಳಿ. ಹೆಣ್ಣುಮಕ್ಕಳಿಗೆ ಒಂದು ಮಾತು. ಊಟ ತೀರಾ ಕಡಿಮೆಯಾದರೆ ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು. ಹಾಗಾದರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಊಟ ಜಾಸ್ತಿ ಮಾಡಿ, ಡಾಕ್ಟರನ್ನು ನೋಡಿ.

ಸರಿ ಹೋಗುತ್ತಿದೆಯೋ ಇಲ್ಲವೋ ತಿಳಿಯಲು ಒಂದು ನೋಟ್‌ಬುಕ್ ಸಾಕು. ಬೆಳಗಿನ ತೂಕ, ಹೊಕ್ಕುಳಿನ ಸುತ್ತಳತೆ, ಆ ದಿನ ಎತ್ತಿದ ಭಾರ. ಕಾರ್ಬ್ ದಿನದ ಮರುದಿನ ತೂಕ ಒಂದು ಕಿಲೋ ಏರಿದರೂ ಹೆದರಬೇಡಿ, ಅದು ಕಣಜಕ್ಕೆ ಮರಳಿದ ನೀರು. ವಾರದ ಸರಾಸರಿ ನೋಡಿ. ಸೊಂಟ ಸಣ್ಣಗಾಗುತ್ತಾ ಬಾರ್‌ನ ಅಂಕಿ ಹಾಗೇ ನಿಂತಿದ್ದರೆ ಏನೂ ಬದಲಿಸಬೇಡಿ. ಎರಡು ವಾರ ಸತತವಾಗಿ ಬಾರ್‌ನ ಅಂಕಿ ಇಳಿದರೆ ಮೊದಲು ನಿದ್ದೆ ಸರಿಯಾಗಿದೆಯಾ ನೋಡಿ. ಆಮೇಲೆ ಎತ್ತುವ ದಿನಕ್ಕೆ ಇನ್ನೊಂದು ಅರ್ಧ ಮುದ್ದೆ ಸೇರಿಸಿ.

ನೋಟ್‌ಬುಕ್ ತಂದಿರುವವರು ಮುಂದೆ ಬನ್ನಿ. ನಿಮ್ಮ ತೂಕ, ವಾರಕ್ಕೆ ಎಷ್ಟು ದಿನ ಎತ್ತುತ್ತೀರಿ ಅನ್ನುವುದು, ಮನೆಯಲ್ಲಿ ಏನು ಅಡುಗೆ ಮಾಡುತ್ತಾರೆ, ಇಷ್ಟು ಹೇಳಿ. ಒಬ್ಬೊಬ್ಬರ ಲೆಕ್ಕವನ್ನೂ ಇಲ್ಲೇ ಕೂತು ಹಾಕೋಣ.