ಪ್ರಸಂಗಪೀಠದಿಂದ ಇಳಿದ ಮೇಲೆ

ಮಾನ್ಯ ಹಿರಿಯರೇ, ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದಿರುವ ಸಭಾಪಾಲಕರೇ, ಉಪದೇಶಿಗಳೇ, ಅಮ್ಮನವರೇ,

ಪ್ರಸಂಗ ಸಿದ್ಧಪಡಿಸುವುದು ಹೇಗೆಂದು ನಿಮ್ಮಲ್ಲಿ ಅನೇಕರು ಸೆಮಿನರಿಯಲ್ಲಿ ಕಲಿತು ಬಂದಿದ್ದೀರಿ. ನಾನು ಇಂದು ಹೇಳಬೇಕೆಂದಿರುವುದು ಪ್ರಸಂಗಪೀಠದಿಂದ ಇಳಿದ ಮೇಲಿನ ಕೆಲಸಗಳನ್ನು ಕುರಿತು. ನಮ್ಮ ಭಾಗದಲ್ಲಿ ಉಪದೇಶದ ಭೇದದಿಂದ ಒಡೆದ ಸಭೆಗಳು ಕಡಿಮೆ. ಲೆಕ್ಕ, ಜಾಗ, ಭಾಷೆ ಇವುಗಳಿಂದ ಒಡೆದವೇ ಹೆಚ್ಚು. ಇವೆಲ್ಲದರ ಬುಡದಲ್ಲಿರುವ ಕಾರಣ ಒಂದೇ ಎಂಬುದು ನನ್ನ ಅಭಿಪ್ರಾಯ. ಸಭೆಯವರು ಸಕಲ ಭಾರವನ್ನೂ ಸಭಾಪಾಲಕರಾದ ಅಯ್ಯನವರೊಬ್ಬರ ಮೇಲೆ ಹೊರಿಸಿ ನಿಶ್ಚಿಂತರಾಗುತ್ತಾರೆ; ಅಯ್ಯನವರು ಅದನ್ನೇ ಗೌರವವೆಂದು ತಿಳಿದು ಹೊತ್ತುಕೊಳ್ಳುತ್ತಾರೆ.

ಮೊದಲು ಭಾಷೆಯ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿಯೇ ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಹೀಗೆ ಕನ್ನಡ ಕ್ರೈಸ್ತ ಸಾಹಿತ್ಯಕ್ಕೆ ಈ ಊರು ತವರಿನಂತೆ. ಆದರೆ ಬಳ್ಳಾರಿ 1953ರವರೆಗೂ ಮದರಾಸು ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ಆದ್ದರಿಂದ ನಮ್ಮ ಸಭೆಗಳಲ್ಲಿ ಒಂದೇ ಬೆಂಚಿನ ಮೇಲೆ ತೆಲುಗಿನಲ್ಲಿ ಪ್ರಾರ್ಥಿಸುವ ಅಜ್ಜಿ, ಕನ್ನಡ ಶಾಲೆಯಲ್ಲಿ ಓದುವ ಮೊಮ್ಮಗಳು, ಮನೆಯಲ್ಲಿ ಲಂಬಾಣಿ ಮಾತನಾಡುವ ಕುಟುಂಬ ಎಲ್ಲರೂ ಕುಳಿತಿರುತ್ತಾರೆ. ಭಾನುವಾರ ಯಾವ ಭಾಷೆಯ ಹಾಡುಗಳು ಎಷ್ಟು ಎಂಬ ಲೆಕ್ಕದ ಮೇಲೆ ಇಡೀ ವರ್ಷದ ಮನಸ್ತಾಪ ನಿಂತಿರುತ್ತದೆ.

ಅಪೊಸ್ತಲರ ಕೃತ್ಯಗಳು ಆರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಸೇವಕರ ನೇಮಕದ ದಿನ ಓದುತ್ತೇವೆ. ಅಲ್ಲಿಯ ಜಗಳ ಮೂಲತಃ ಭಾಷೆಯದ್ದು. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಅಲಕ್ಷ್ಯ ಮಾಡಿದರೆಂದು ಗ್ರೀಕ್ ಮಾತನಾಡುವವರು ಗುಣುಗುಟ್ಟಿದರು. ಅಪೊಸ್ತಲರು ತಾವೇ ಬಡಿಸಲು ಓಡಲಿಲ್ಲ. ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ, ನಿಕೊಲಾಯ ಮೊದಲಾದ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಅಂದರೆ, ದೂರು ಕೊಟ್ಟ ಪಂಗಡದವರ ಕೈಗೇ ಹಂಚಿಕೆ ಹೋದಂತೆ ಕಾಣುತ್ತದೆ. ತೆಲುಗಿನವರು ಮುನಿಸಿಕೊಂಡಿದ್ದರೆ ಆರಾಧನೆಯ ಕ್ರಮವನ್ನು ಸಿದ್ಧಪಡಿಸುವ ಸಮಿತಿಯಲ್ಲಿ ಅವರನ್ನೇ ಕೂರಿಸಿರಿ. ಪ್ರತ್ಯೇಕ ಆರಾಧನೆಯನ್ನು ಆರಂಭಿಸುವುದು ಸುಲಭ. ಆದರೆ ಎರಡು ಆರಾಧನೆಗಳು ಎರಡು ಪೆಟ್ಟಿಗೆಗಳಾಗಿ, ಆಮೇಲೆ ಎರಡು ಸಭೆಗಳಾಗುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ.

ಪೆಟ್ಟಿಗೆಯ ಮಾತು ಬಂದದ್ದರಿಂದ ಕಾಣಿಕೆಯ ವಿಷಯವನ್ನು ಬಿಚ್ಚಿಯೇ ಹೇಳುತ್ತೇನೆ. ಆರಾಧನೆ ಮುಗಿದ ಕೂಡಲೇ, ಜನ ಇನ್ನೂ ಅಂಗಳದಲ್ಲಿರುವಾಗಲೇ, ಕಾಣಿಕೆಯ ಚೀಲವನ್ನು ಮೇಜಿನ ಮೇಲೆ ಸುರಿದು ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು. ನೋಟು, ಚಿಲ್ಲರೆ, ಫೋನಿನಿಂದ ಬಂದ ಹಣ ಎಂದು ಬೇರೆ ಬೇರೆ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಬ್ಯಾಂಕಿಗೆ ಕಟ್ಟಬೇಕು. ಕ್ಯೂಆರ್ ಕೋಡು ಸಭೆಯ ಖಾತೆಯದಾಗಿರಲಿ, ಅಯ್ಯನವರ ಸ್ವಂತ ಖಾತೆಯದಾಗುವುದು ಬೇಡ. ಇಷ್ಟು ಮಾಡಿದರೆ ನಿಮ್ಮ ಮೇಲೆ ಅಪನಂಬಿಕೆಯೇ ಎಂದು ಕೆಲವರು ಕೇಳುತ್ತಾರೆ. ಅಪನಂಬಿಕೆ ಹುಟ್ಟದಿರಲೆಂದೇ ಈ ಏರ್ಪಾಡು ಎಂದು ಉತ್ತರಿಸಿರಿ. ಹೊರದೇಶದ ನೆರವನ್ನು ನೆಚ್ಚಿಕೊಂಡಿದ್ದವರಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ದಾರಿ ಕಿರಿದಾಗಿದೆ: ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಉಪದೇಶಿಗಳಿಗೆ ತಲುಪುತ್ತಿದ್ದ ಸಂಬಳ ಅನೇಕ ಕಡೆ ಇದರಿಂದಲೇ ನಿಂತಿತು. ಇನ್ನು ಸ್ಥಳೀಯ ಆದಾಯವೆಂದರೆ, ಸುಗ್ಗಿಯ ಹಬ್ಬದಲ್ಲಿ ಹರಾಜಾಗುವ ಕೋಳಿ, ಕುಂಬಳಕಾಯಿ, ಭತ್ತದ ಚೀಲಗಳು ಕಾಲುವೆಯ ನೀರನ್ನು ಅವಲಂಬಿಸಿವೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿ, ಸಿಂಧನೂರು ಕಡೆಯ ರೈತನಿಗೆ ಆದ ಕಳವಳ ಸಭೆಯ ಖಜಾಂಚಿಗೂ ಆಗಿರಲೇಬೇಕು.

ಜಾಗದ ತಕರಾರು ಇದಕ್ಕಿಂತ ಕಠಿಣ. ಸ್ವತಂತ್ರ ಸಭೆಗಳಲ್ಲಿ ವಿಶ್ವಾಸಿಗಳು ಕೂಲಿಯ ಹಣ ಸೇರಿಸಿ ನಿವೇಶನ ಕೊಳ್ಳುತ್ತಾರೆ. ಪತ್ರ ಮಾತ್ರ ಪಾಸ್ಟರ್ ಹೆಸರಿಗೆ ನೋಂದಣಿಯಾಗುತ್ತದೆ. ಅವರು ತೀರಿಕೊಂಡ ಮೇಲೆ ಮಕ್ಕಳು ಹಕ್ಕು ಕೇಳಿದರೆ ಕಾಗದದ ಪ್ರಕಾರ ಬಲ ಅವರದೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿಯೋ, ಟ್ರಸ್ಟ್ ಆಗಿಯೋ ಮೊದಲು ನೋಂದಾಯಿಸಿಕೊಂಡು, ಆಮೇಲೆ ಜಾಗ ಕೊಳ್ಳಿರಿ.

ಮದುವೆಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ವಿವಾಹ ನಡೆಯಬೇಕೆಂದು ಅದು ಹೇಳುತ್ತದೆ. ಬಿಸಿಲಿಗೆ ಹೆದರಿ ಸಂಜೆ ಇಟ್ಟುಕೊಳ್ಳುವ, ಕರ್ನೂಲಿನ ದಿಬ್ಬಣಕ್ಕೆ ಕಾದು ಕೂರುವ ನಮ್ಮವರಿಗೆ ಇದು ತಿಳಿದಿರಲಿ. ವಿವಾಹ ನಡೆಸಲು ಅಧಿಕಾರ ಅಥವಾ ಪರವಾನಗಿ ಇಲ್ಲದವರು ಮಾಡಿಸಿದ ಮದುವೆಯ ತೊಂದರೆ ಆ ದಿನ ಗೊತ್ತಾಗುವುದಿಲ್ಲ, ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸದಸ್ಯತ್ವದ ಪುಸ್ತಕ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ನಮ್ಮ ಹಳ್ಳಿಯ ಸಭೆಗಳಲ್ಲಿ ಬಹುಪಾಲು ದಲಿತ ಕೇರಿಗಳ ಜನರೇ ಇರುವಾಗ ಇದು ಅನ್ನದ ಪ್ರಶ್ನೆ. "ಅಯ್ನೋರೆ, ಹುಡುಗನ ಕಾಲೇಜು ಮುಗಿಯೋ ತನಕ ನಮ್ಮ ಹೆಸರು ಪುಸ್ತಕದಾಗ ಬರೀಬ್ಯಾಡ್ರಿ" ಎಂದು ಬಾಗಿಲ ಬಳಿ ನಿಂತು ಕೇಳುವ ತಾಯಿಗೆ ಏನು ಹೇಳುತ್ತೀರಿ? ಆಕೆಯನ್ನು ಅಲ್ಪವಿಶ್ವಾಸಿ ಎಂದು ಜರೆಯುವ ಅಧಿಕಾರ ನಮಗಿಲ್ಲ, ಏಕೆಂದರೆ ನಷ್ಟವಾಗುವುದು ಆಕೆಯ ಮಗನಿಗೆ, ನಮಗಲ್ಲ. ಹಾಗೆಂದು ಸುಳ್ಳು ಪ್ರಮಾಣಪತ್ರ ಬರೆದುಕೊಡುವುದೂ ಸಲ್ಲದು. ಕಾನೂನು ಏನು ಹೇಳುತ್ತದೆಂದು ದೀಕ್ಷಾಸ್ನಾನಕ್ಕೆ ಮೊದಲೇ ಇಡೀ ಕುಟುಂಬವನ್ನು ಕೂರಿಸಿ ವಿವರಿಸಿರಿ. ಕಾಲವನ್ನು ಅವರೇ ನಿಶ್ಚಯಿಸಲಿ, ಸಂಖ್ಯೆ ತೋರಿಸುವ ಆತುರ ನಿಮಗೆ ಬೇಡ.

ದೇವದುರ್ಗ, ಮಸ್ಕಿ, ಕುಷ್ಟಗಿ ಕಡೆಯವರಿಗೆ ಗುಳೆಯ ವಿಷಯವನ್ನು ನಾನು ಹೇಳಬೇಕಾಗಿಲ್ಲ. ಮುದುಕರೂ ಮಕ್ಕಳೂ ಊರಲ್ಲಿ ಉಳಿದು, ಸಂಡೇ ಸ್ಕೂಲ್ ಕಲಿಸುತ್ತಿದ್ದ ಹುಡುಗಿಯೂ ತಮಟೆ ಬಾರಿಸುತ್ತಿದ್ದ ಹುಡುಗನೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿಬಿಡುತ್ತಾರೆ. ಹೋದವರ ಫೋನ್ ನಂಬರ್, ಇರುವ ಶೆಡ್ಡಿನ ಗುರುತು ಬರೆದಿಟ್ಟು, ಅಲ್ಲಿಯ ಹತ್ತಿರದ ಸಭೆಯವರಿಗೆ ತಿಳಿಸುವ ಕೆಲಸವನ್ನು ಸ್ತ್ರೀಯರ ಕೂಟಕ್ಕೆ ಒಪ್ಪಿಸಿರಿ. ಯಾರ ಮನೆಯಲ್ಲಿ ಯಾರಿದ್ದಾರೆಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಹೀಗೆ ಹೋದವರಲ್ಲಿ ಒಬ್ಬರ ಶವ ನಡುರಾತ್ರಿ ಆಂಬುಲೆನ್ಸಿನಲ್ಲಿ ಊರಿಗೆ ಬಂದಾಗ ಹೂಳುವುದೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಅಳುವವರ ನಡುವೆ ನಿಂತು ಊರ ಹಿರಿಯರನ್ನು ಅಂಗಲಾಚುವ ಹೊತ್ತು ಅದಲ್ಲ. ಸ್ಮಶಾನ ಭೂಮಿ ಇಲ್ಲದ ಸಭೆಗಳವರು ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅರ್ಜಿಗೆ ಅಯ್ಯನವರೊಬ್ಬರೇ ಸಹಿ ಹಾಕದೆ, ಆ ಊರಿನ ಕುಟುಂಬಗಳ ಹಿರಿಯರೆಲ್ಲರೂ ಹಾಕಬೇಕು. ಅಯ್ಯನವರಿಗೆ ನಾಳೆ ವರ್ಗವಾಗಬಹುದು, ಅರ್ಜಿಯ ಬೆನ್ನು ಹತ್ತಿ ಕಚೇರಿಗೆ ಅಲೆಯಬೇಕಾದವರು ಆ ಹಿರಿಯರೇ.